ಕದ್ದದ್ದನ್ನು ಕದ್ದದ್ದೆಂದೇ ಬರೆಯುವ ಟೈಪ್ ಅಕ್ಕ

ವಯಸ್ಸಾದ ಮೇಲೆ ನೆನಪು ಕೈಕೊಡುತ್ತದೆ ಎಂದು ಮೂಗು ಮುರಿಯುವವರು ಸ್ವಲ್ಪ ಬಾಯಿಗೆ ಬೀಗ ಹಾಕಿಕೊಂಡು ಕೇಳಿ. ಕನ್ನಡಕ ಎಲ್ಲಿಟ್ಟೆ ಎಂಬುದು ಮರೆಯಬಹುದು. ಎದೆ ಧಸಕ್ಕೆಂದ ಗಳಿಗೆ ಸಾಯುವ ತನಕ ಮರೆಯುವುದಿಲ್ಲ. ಅಂಥ ಒಂದು ಗಳಿಗೆಯ ಕಥೆ ಇದು.

ಇನ್ನೂ ಬೆಳಕು ಸರಿಯಾಗಿ ಹರಿದಿಲ್ಲ. ಪೊಲೀಸ್ ಠಾಣೆಯ ಎದುರಿನ ಗೂಡಿನಂಥ ಕೋಣೆಯಲ್ಲಿ ಟೈಪ್ ಅಕ್ಕ ತನ್ನ ಟೈಪಿಂಗ್ ಯಂತ್ರದ ಅಚ್ಚುಗಳಿಗೆ ಅಂಟಿದ ಮಸಿಯನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕುತ್ತಿದ್ದಾಳೆ. ಜನರ ದೂರುಗಳನ್ನು ಇಂಗ್ಲಿಷಿನಲ್ಲಿ ಬರೆದುಕೊಡುವುದು ಅವಳ ಕೆಲಸ. ಬರುವವರಿಗೆಲ್ಲ ದೊಡ್ಡ ಪದವೇ ಬೇಕು. ಜೇಬಿನ ಪೆನ್ನು ಹೋದರೂ ರಾಬರಿ!

"ಹೆದರಿಸಿ, ಹೊಡೆದು ಕಿತ್ಕೊಂಡ್ರೆ ರಾಬರಿ. ಕದಿಯೋಕೆ ಅಂತ ಮನೆಯೊಳಗೆ ನುಗ್ಗಿದ್ರೆ ಬರ್ಗ್ಲರಿ. ಸದ್ದಿಲ್ದೆ ಎತ್ಕೊಂಡು ಹೋದ್ರೆ ಥೆಫ್ಟ್," ಎನ್ನುತ್ತಾಳೆ ಅಕ್ಕ. "ಒಂದು ಪದ ತಪ್ಪಿದ್ರೆ ಒಬ್ಬನ ಅರ್ಧ ಆಯಸ್ಸು ಜೈಲಲ್ಲಿ ಕೊಳೆಯತ್ತೆ." ಬೇರೆಲ್ಲೋ ಬರೆಸಿದ ಒಂದು ಅರ್ಜಿಯಲ್ಲಿ, ಕಳ್ಳ ದೂರು ಕೊಟ್ಟವನನ್ನೇ ಕದ್ದೊಯ್ದ ಎಂದಿತ್ತಂತೆ. "ಮತ್ತೆ ನಿನ್ನ ಯಾರು ವಾಪಸ್ ತಂದ್ಬಿಟ್ರಪ್ಪಾ ಅಂತ ಕೇಳ್ದೆ!"

ಅದಕ್ಕೇ ಅವಳು ಬಾಯಿಮಾತು ನಂಬುವುದಿಲ್ಲ. ದೂರು ಕೊಡುವವನೇ ಕಳ್ಳನಾಗಿ, ಅವಳ ಮೇಜಿನ ವಸ್ತುವನ್ನು ಕದ್ದು ತೋರಿಸಬೇಕು. "ಬಾಯಿಗೆ ಸುಳ್ಳು ಬರತ್ತೆ, ಕೈಗೆ ಬರಲ್ಲ."

ಅವತ್ತು ಮೊದಲು ಬಂದವನು ಗಡಿಯಾರದಂಗಡಿಯ ಯಜಮಾನ. ಕೆಲಸದವನು ದುಬಾರಿ ವಾಚು ಒಯ್ದಿದ್ದಾನೆ. "ನನ್ನ ತಳ್ಳಿ ಕಿತ್ಕೊಂಡು ಹೋದ, ಅಕ್ಕ. ರಾಬರಿ ಅಂತ ಹಾಕಿ!"

ಅಕ್ಕ ತನ್ನ ವಾಚು ಬಿಚ್ಚಿ ಮೇಜಿನ ಮೇಲಿಡುತ್ತಾಳೆ. "ನಾನು ನೀವು. ನೀವು ಕಳ್ಳ. ಹೂಂ, ನಡೀಲಿ."

"ನೀವು ಬಗ್ಗಿ. ಕೆಳಗೆ ಸ್ಕ್ರೂ ಬಿದ್ದಿದೆ, ಹುಡುಕ್ತಿದೀರಿ."

ಅವಳು ಬಗ್ಗುತ್ತಾಳೆ. ಯಜಮಾನ ಬೆಕ್ಕಿನಂತೆ ಬಂದು ವಾಚು ಎತ್ತಿಕೊಂಡು ಬಾಗಿಲಿನತ್ತ ಓಡುತ್ತಾನೆ. ಅಕ್ಕ ತಲೆಯೆತ್ತಿ ನಗುತ್ತಾಳೆ. "ನನ್ನ ಮುಟ್ಲೇ ಇಲ್ವಲ್ಲ, ಅಣ್ಣಾ?"

ಯಜಮಾನನ ಮುಖ ಇಂಗು ತಿಂದ ಮಂಗನಂತಾಗುತ್ತದೆ.

"ಸರಿ, ಅವನ ಹೆಸರು ಹೇಳಿ."

ಹೇಳುತ್ತಾನೆ. ಅಕ್ಕನ ಬೆರಳುಗಳು ಕೀಲಿಯ ಮೇಲೇ ಕಲ್ಲಾಗುತ್ತವೆ. ಮನೆ, ವಯಸ್ಸು, ಹುಬ್ಬಿನ ಮೇಲಿನ ಗಾಯದ ಗುರುತು ಕೇಳುತ್ತಾಳೆ. ಎಲ್ಲವೂ ತಾಳೆಯಾಗುತ್ತದೆ. ಅವನು ಅವಳ ಒಡಹುಟ್ಟಿದ ತಮ್ಮ! ಅಪ್ಪ ಅಮ್ಮ ಹೋದ ಮೇಲೆ ಇದೇ ಯಂತ್ರ ಕುಟ್ಟಿ ಸಾಕಿದ, ಆಮೇಲೆ ಮಾತು ಬಿಟ್ಟು ಬೇರೆ ಮನೆ ಮಾಡಿ, ಎಲ್ಲಿ ದುಡಿಯುತ್ತಾನೆಂದೂ ತಿಳಿಸದ ತಮ್ಮ. ಆ ಗಾಯವೂ ಇದೇ ಮೇಜಿನ ಮೂಲೆ ತಾಗಿ ಆದದ್ದು.

ಬಾಗಿಲಲ್ಲಿ ಚಹಾ ಹಿಡಿದು ನಿಂತಿದ್ದ ಪಕ್ಕದ ಚಹಾದಂಗಡಿಯ ತಾತ ಅಕ್ಕ ತಮ್ಮ ಇಬ್ಬರನ್ನೂ ಚಿಕ್ಕಂದಿನಿಂದ ಕಂಡವನು, ಲೋಟ ಕೆಳಗಿಟ್ಟು ಒಳಗೆ ಬರುತ್ತಾನೆ. "ಕಳೆದುಹೋಗಿದೆ ಅಂತ ಹಾಕ್ಬಿಡು ತಾಯಿ. ನಿನ್ನ ರಕ್ತ ಕಣೇ!"

ಆಗ ಯಜಮಾನನಿಗೆ ಹೊಳೆಯುತ್ತದೆ. "ನಿಮ್ಮ ತಮ್ಮನಾ? ಓಹೋ, ಅದಕ್ಕೇ ರಾಬರಿ ಬೇಡ್ವಾ?"

"ತಮ್ಮ ಅಂತ ಗೊತ್ತಾಗೋ ಮೊದ್ಲು ನಿಮ್ಮ ಕೈ ಹೇಳಿದ್ದು, ಅಣ್ಣಾ," ಎನ್ನುತ್ತಾಳೆ ಅಕ್ಕ. "ಬೇರೆ ಕಡೆ ಬರೆಸೋದಾದ್ರೆ ಬರೆಸಿ. ಇಲ್ಲಿ ಆಗಿದ್ದಷ್ಟೇ ಬೀಳತ್ತೆ."

ಯಜಮಾನ ಅವಳ ವಾಚನ್ನು ಮೇಜಿನ ಮೇಲಿಟ್ಟು ಎದುರಿಗೆ ಕೂರುತ್ತಾನೆ. ಯಂತ್ರ ಟಕಟಕ ಎನ್ನುತ್ತದೆ. ತಮ್ಮನ ಹೆಸರು ಬೀಳುತ್ತದೆ, ಪಕ್ಕದಲ್ಲಿ ಥೆಫ್ಟ್ ಬೀಳುತ್ತದೆ. ಕೂದಲೆಳೆಯಷ್ಟು ಹೆಚ್ಚಿಲ್ಲ, ಕಡಿಮೆಯಿಲ್ಲ.

ಹಾಳೆ ಕೊಟ್ಟು ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾಳೆ. "ಅವನು ಕದ್ದಿದ್ದ, ಕದ್ದ ಅಂತಾನೇ ಬರೆದೆ. ಬಡಿದು ದೋಚಿರ್ಲಿಲ್ಲ, ಹಾಗಂತ ಬರೆಸೋಕೆ ಬಿಡ್ಲಿಲ್ಲ. ಇನ್ನೇನು ಆಸೆ ನಂಗೆ? ಜೈಲಿಂದ ಹೊರಗೆ ಬಂದ್ಮೇಲೆ ಒಂದ್ಸಲ ಅಕ್ಕಾ ಅಂತ ಕರೆದ್ರೆ ಸಾಕು."

ಕೇಳಿದಿರಲ್ಲ? ಇದನ್ನು ಇನ್ನೊಬ್ಬರ ಕಿವಿಗೂ ಹಾಕಿ. ಹಾಕುವಾಗ ಮಾತ್ರ ಉಪ್ಪುಖಾರ ಸೇರಿಸಬೇಡಿ. ಅಕ್ಕ ಬರೆದಂತೆಯೇ ಹೇಳಿ, ಆದದ್ದು ಆದಷ್ಟೇ.