ಮೂರನೆಯ ಕರೆಗೆ ಕಾಯುತ್ತಿದ್ದ ಪೆಟ್ಟಿಗೆ

ಈಗಲೂ ಮೊದಲು ಕಾಣುವುದು ಆ ಕೈ. ಪಂಪಿನ ಸ್ಟಾರ್ಟರ್ ಕಡೆಗೆ ಚಾಚಿದ, ಸೌದೆಯ ಸಿಪ್ಪೆ ಅಂಟಿದ್ದ ಕೈ. ನೆನಪಾದಾಗಲೆಲ್ಲ ಭಯಕ್ಕಿಂತ ಹೆಚ್ಚಾಗಿ ದಣಿವಾಗುತ್ತದೆ.

ಎಂಬತ್ತರ ದಶಕದ ಕೊನೆಯ ಮಾತು. ಎಲೆಕ್ಟ್ರಾನಿಕ್ಸ್ ಓದಿ ಮುಗಿಸಿ, ಪುತ್ತೂರಿನ ಹೊರವಲಯದ ಒಂದು ಗೇರುಬೀಜದ ಕಾರ್ಖಾನೆಯಲ್ಲಿ ಯಂತ್ರ ನೋಡಿಕೊಳ್ಳುವ ಕೆಲಸಕ್ಕೆ ಸೇರಿದ್ದೆ. ಬೀಜ ಬೇಯಿಸಲು ಹಬೆ ಬೇಕು, ಹಬೆಗೆ ಬಾಯ್ಲರ್. ಅದಕ್ಕೆ ಬೆಂಕಿ ಹಾಕುತ್ತಿದ್ದವರು ವಯಸ್ಸಾದ ಬ್ಯಾರಿ ಮುಸಲ್ಮಾನರೊಬ್ಬರು. ಎಲ್ಲರಿಗೂ ಅವರು ಕಾಕ. ಬಾಯ್ಲರಿನ ನೀರಿನ ಮಟ್ಟ ತೋರಿಸುವ ಗಾಜಿನ ನಳಿಗೆಯನ್ನು ನೋಡುತ್ತ ಕೂರಲು ಮೊದಲು ಇನ್ನೊಬ್ಬರಿದ್ದರು. ಮಟ್ಟ ಕಾಯಲು ಗಣಕದ ಪೆಟ್ಟಿಗೆ ಬಂದ ಮೇಲೆ ಅವರನ್ನು ಬೇರೆ ಕೆಲಸಕ್ಕೆ ಹಾಕಿದರು.

ಪೆಟ್ಟಿಗೆಯ ಕೆಲಸ ಇಷ್ಟೇ. ನೀರು ತಗ್ಗಿದರೆ ಬಾಯ್ಲರಿನೊಳಗಿನ ತೇಲುಗುಂಡು ಇಳಿದು ತಂತಿ ಕೂಡಿಸಿ ಗಣಕವನ್ನು ಕರೆಯುತ್ತದೆ. ಗಣಕ ಕೈಯಲ್ಲಿದ್ದ ಕೆಲಸ ಬಿಟ್ಟು ಗಂಟೆ ಬಾರಿಸುತ್ತದೆ. ಯಂತ್ರ ಹೀಗೆ ನಡುವೆ ಕರೆಯುವುದಕ್ಕೆ ಇಂಟರಪ್ಟ್ ಎನ್ನುತ್ತಾರೆ. ಆದರೆ ಪಕ್ಕದ ಮೋಟಾರು ಹೊರಟಾಗಲೆಲ್ಲ ತಂತಿಯಲ್ಲಿ ಸುಳ್ಳು ಕರೆ ಹುಟ್ಟುತ್ತಿತ್ತು. ಗಂಟೆಯ ಗಲಾಟೆಗೆ ಕಾಕನ ತಲೆ ಕೆಟ್ಟಿತು. ಪೆಟ್ಟಿಗೆಯ ಪ್ರೋಗ್ರಾಂ ಬರೆದ ಆಲಂಕಾರು ಊರಿನ ಗೆಳೆಯನನ್ನು ಕರೆಸಿದೆವು.

“ಮುಸ್ಸಂಜೆಗೆ ಗುಡ್ಡೆಯಿಂದ ಯಾರಾದ್ರೂ ಕರೆದ್ರೆ ನಿನ್ನ ಅಜ್ಜಿ ಎಂತ ಹೇಳ್ತಿದ್ರು?” ಎಂದು ಅವನು ನನ್ನನ್ನು ಕೇಳಿದ.

“ಒಂದು ಕರೆಗೆ ಓಗೊಡ್ಬಾರ್ದು. ಮೂರು ಸಲ ಕರೆದ್ರೆ ಮಾತ್ರ ಮನುಷ್ಯ.”

“ಹಾಂ. ಒಂದೇ ಸಲ ಕರೆಯುದು ಭೂತ. ಪೆಟ್ಟಿಗೆಗೂ ಅದನ್ನೇ ಕಲಿಸುದು.”

ಕಾಕ ನಕ್ಕರು. “ಹಾಗಾದ್ರೆ ಸಂಬಳ ಅಜ್ಜಿಗೆ ಕೊಡ್ಬೇಕು ಮಾರಾಯ್ರೆ.”

ಅಂದಿನಿಂದ ಬೆನ್ನುಬೆನ್ನಿಗೆ ಮೂರು ಕರೆ ಬಂದರೆ ಮಾತ್ರ ಗಂಟೆ. ಬಾಯ್ಲರಿನ ಶೆಡ್ಡು ಶಾಂತವಾಯಿತು. ನಮಗೆಲ್ಲ ಎಷ್ಟು ಹಾಯೆನಿಸಿತ್ತೆಂದರೆ, ಆ ಶಾಂತಿಯನ್ನು ಯಾರೂ ಅನುಮಾನಿಸಲಿಲ್ಲ.

ಒಂದು ಮಧ್ಯಾಹ್ನ ಕಾಕ ಸೌದೆ ತರಲು ಹೋದಾಗ ಬಾಯ್ಲರಿಗೆ ನೀರು ತುಂಬುವ ಪಂಪು ತಾನಾಗಿ ನಿಂತಿತ್ತು. ನಾನು ಶೆಡ್ಡಿಗೆ ಕಾಲಿಡುವಾಗ ಅವರೂ ಇನ್ನೊಂದು ಬಾಗಿಲಿನಿಂದ ಬಂದರು. ಗಾಜು ಖಾಲಿ. ಗಂಟೆ ಮೌನ. ಒಲೆಯಲ್ಲಿ ಬೆಂಕಿ ಭೋರೆನ್ನುತ್ತಿತ್ತು. ಕಾಕ ಸೌದೆ ಕೆಳಗೆ ಹಾಕಿ, ನೀರು ಬಿಡಲು ಸ್ಟಾರ್ಟರಿಗೆ ಕೈ ಚಾಚಿದರು. ಕಾದು ಕೆಂಪಾದ ತಗಡಿಗೆ ತಣ್ಣೀರು ಬಿದ್ದರೆ ಬಾಯ್ಲರ್ ಸಿಡಿಯುತ್ತದೆ. ಅದು ಅವರಿಗೂ ಗೊತ್ತು. ಗಾಬರಿಯಲ್ಲಿ ಕೈ ತಾನಾಗಿ ಹೋಗಿತ್ತು.

“ಕಾಕಾ!”

ಕೂಗಿದ್ದು ಒಂದೇ ಸಲ. ಅವರು ತಿರುಗಿದರು.

“ನೀರು ಬೇಡ! ಬೆಂಕಿ ಎಳೀರಿ!”

ಇಬ್ಬರೂ ಸೇರಿ ಕೆಂಡವನ್ನೆಲ್ಲ ಹೊರಗೆಳೆದು ಅಂಗಳಕ್ಕೆ ಓಡಿದೆವು. ಬೀಜ ಸುಲಿಯುವ ಹೆಂಗಸರನ್ನೂ ದೂರ ಕಳಿಸಿದೆವು. ಬಾಯ್ಲರ್ ಒಳಗೊಳಗೇ ಟಕ್ ಟಕ್ ಎನ್ನುತ್ತ ತಣ್ಣಗಾಗುವುದನ್ನು ಕೇಳುತ್ತ ನಿಂತೆವು.

ತಪ್ಪು ಸರಳವಾಗಿತ್ತು. ಸುಳ್ಳು ಕರೆ ಒಮ್ಮೆ ಬಂದು ಮಾಯವಾಗುತ್ತದೆ. ನಿಜವಾಗಿ ನೀರು ತಗ್ಗಿದಾಗ ತೇಲುಗುಂಡು ಒಮ್ಮೆ ಇಳಿದು ಅಲ್ಲೇ ಕೂರುತ್ತದೆ, ಆಗಲೂ ಕರೆ ಒಂದೇ. ಪೆಟ್ಟಿಗೆ ಉಳಿದೆರಡಕ್ಕೆ ಕಾಯುತ್ತಿತ್ತು.

ಗೆಳೆಯ ಬಂದು ಹಳೆಯ ಪ್ರೋಗ್ರಾಂ ಅಳಿಸಿದ. ಆಮೇಲೆ ಎಲ್ಲವನ್ನೂ ಹೊಸದಾಗಿ ಬರೆದ. ಕರೆ ಬಂದೊಡನೆ ನಂಬುವುದೂ ಇಲ್ಲ, ತಳ್ಳಿಹಾಕುವುದೂ ಇಲ್ಲ. ಆ ತಂತಿಗೆ ಕ್ಷಣಕಾಲ ಕಿವಿ ಮುಚ್ಚಿ, ತೇಲುಗುಂಡು ಎಲ್ಲಿದೆಯೆಂದು ಮತ್ತೆ ಮತ್ತೆ ನೋಡುವುದು. ಇಳಿದೇ ಇದ್ದರೆ ಗಂಟೆ. ಸುಳ್ಳು ಮಿತಿಮೀರಿದರೆ ಆ ತಂತಿಯ ಕರೆಯನ್ನು ಪೂರ್ತಿ ನಿಲ್ಲಿಸಿ ಕೆಂಪು ದೀಪ ಹಚ್ಚುವುದು. ಆಗಲೂ ಗಣಕ ತಾನಾಗಿ ಆಗಾಗ ಹೋಗಿ ತೇಲುಗುಂಡನ್ನು ನೋಡುತ್ತಿರಬೇಕು. ದೊಡ್ಡ ಗಣಕಗಳನ್ನು ನಡೆಸುವ ಆಪರೇಟಿಂಗ್ ಸಿಸ್ಟಮ್‌ಗಳೂ ಹೆಚ್ಚುಕಡಿಮೆ ಹೀಗೆಯೇ ಮಾಡುತ್ತವೆಂದು ನಂತರ ಓದಿದೆ. ಓದಿ ಸಮಾಧಾನವೇನೂ ಆಗಲಿಲ್ಲ.

ಕಾಕ ಮತ್ತೆ ಒಲೆಗೆ ಬೆಂಕಿ ಹಾಕಲಿಲ್ಲ. ಕಡಬದಲ್ಲಿ ಅಳಿಯನ ಅಂಗಡಿಯಲ್ಲಿ ಕೂತರು. ಸುಬ್ರಹ್ಮಣ್ಯದ ಕಡೆ ಹೋಗುವಾಗ ಒಮ್ಮೆ ಅಲ್ಲಿ ಇಳಿದೆ. ಅವರು ಚಹಾ ತರಿಸಿದರು.

“ಬಾಯ್ಲರ್ ಉಂಟಾ ಇನ್ನೂ?”

“ಉಂಟು. ಪೆಟ್ಟಿಗೆ ಈಗ ಸರಿ ಉಂಟು, ಕಾಕ. ಒಮ್ಮೆಯೂ ತಪ್ಪಲಿಲ್ಲ.”

“ಮತ್ತೆ ನಿಮ್ಮ ಮುಖ ಎಂತ ಹೀಗೆ? ನಿದ್ದೆ ಉಂಟಾ ನಿಮಗೆ? ಆ ಚಿಂತೆ ಬಿಟ್ಟುಬಿಡಿ ಮಾರಾಯ್ರೆ.”

ಬಿಡುತ್ತೇನೆ ಎಂದೆ. ಮರುದಿನ ಹೊಸಬ ಬೆಂಕಿ ಹಾಕುವಾಗ ನಾನು ಗಾಜಿನ ನಳಿಗೆ ನೋಡುತ್ತ ಅವನ ಹಿಂದೆಯೇ ನಿಂತಿದ್ದೆ.