ಅಂಗೈ ಮೇಲಿನ ಹಕಾರ

ನಮ್ಮ ಸಿಂಧಘಟ್ಟದ ಕಡೆ ಹಕಾರಕ್ಕೆ ಯಾವತ್ತೂ ಮರ್ಯಾದೆ ಇಲ್ಲ. ಹಾಲು ಆಲಾಗುತ್ತದೆ, ಹೂವು ಊವಾಗುತ್ತದೆ, ಹಂಗೆ ಎನ್ನುವುದು ಅಂಗೆಯಾಗುತ್ತದೆ. ಅದರಿಂದ ಯಾರ ಮನೆಯ ಹಾಲೂ ಒಡೆದಿಲ್ಲ. ಡಿಗ್ರಿ ಮುಗಿಸಿ ಪಾಂಡವಪುರದ ಒಂದು ಕಾನ್ವೆಂಟಿಗೆ ಇಂಗ್ಲಿಷ್ ಟೀಚರಾಗಿ ಸೇರುವವರೆಗೆ ನನ್ನ ಬಾಯಲ್ಲಿ ಏನೋ ಕಮ್ಮಿಯಿದೆ ಎಂದು ನನಗೂ ಅನ್ನಿಸಿರಲಿಲ್ಲ.

ತೊಂಬತ್ತರ ದಶಕದ ನಡುವಿನ ಮಾತು. ತಾಲ್ಲೂಕು ಊರುಗಳಲ್ಲಿ ಕಾನ್ವೆಂಟುಗಳು ಆಗಷ್ಟೇ ತಲೆಯೆತ್ತುತ್ತಿದ್ದವು. ಕಬ್ಬು ಬೆಳೆಯುವವರು, ಡೇರಿಗೆ ಹಾಲು ಹಾಕುವವರು ಮಕ್ಕಳ ಕೊರಳಿಗೆ ಟೈ ಕಟ್ಟಿ ಕಳಿಸುತ್ತಿದ್ದರು. ನನ್ನನ್ನು ಸದ್ಯಕ್ಕೆ ನೋಡೋಣ ಎಂದು ಸೇರಿಸಿಕೊಂಡಿದ್ದರು. ಸ್ಕೂಲ್ ಡೇ ಕಳೆದ ಮೇಲೆ ಇಂಗ್ಲಿಷ್ ಕ್ಲಾಸು ನನಗೇ ಖಾಯಂ ಮಾಡುತ್ತಾರೋ ಇಲ್ಲವೋ ಹೇಳುವುದು ಎಂದಾಗಿತ್ತು. ಬಡಗಿ ಮನೆಯ ಹುಡುಗಿ ಇಂಗ್ಲಿಷ್ ಮೇಡಂ ಆಗುವುದೆಂದರೆ ಸುಮ್ಮನೆ ಮಾತಲ್ಲ. ಅಪ್ಪನಂತೂ ಅದು ಆಗಿಯೇ ಹೋಯಿತೆಂದು ಊರಿಗೆಲ್ಲ ಹೇಳಿಕೊಂಡು ಬಂದಿದ್ದ.

ನನ್ನ ಇಂಗ್ಲಿಷೆಂದರೆ ಹೈಸ್ಕೂಲಿನಲ್ಲಿ ಹೊಣಕೆರೆ ಕಡೆಯ ಮೇಷ್ಟ್ರೊಬ್ಬರು ಕೊಟ್ಟದ್ದು. ಬರೆದ ಅಕ್ಷರವನ್ನೆಲ್ಲ ಬಾಯಲ್ಲಿ ಹೇಳಲೇಬೇಕು ಎಂಬುದು ಅವರ ಹಟ. ಬುಧವಾರಕ್ಕೆ ವೆಡ್‌ನೆಸ್‌ಡೇ ಎಂದೇ ಹೇಳಿಸುತ್ತಿದ್ದರು, ಚಾಕುವಿಗೆ ಕ್‌ನೈಫ್. ಹೇಳದೆ ಬಿಡುವುದಾದರೆ ಬರೆದದ್ದಾದರೂ ಯಾಕೆ, ನೆಂಟರನ್ನು ಕರೆದು ಎಲೆ ಹಾಕದೆ ಕೂರಿಸಿದ ಹಾಗೆ ಆಗಲ್ಲವಾ ಎಂದು ಕೇಳುತ್ತಿದ್ದರು. ಆ ವಾದ ನನಗೆ ಈಗಲೂ ಪೂರಾ ತಪ್ಪು ಅನ್ನಿಸುವುದಿಲ್ಲ, ಏನು ಮಾಡಲಿ. ಆದರೆ ಅಕ್ಷರ ಒಂದನ್ನೂ ಬಿಡದ ಅವರ ಬಾಯಲ್ಲೂ ಹಕಾರ ಮಾತ್ರ ಇರಲಿಲ್ಲ. ಹೌಸು ಅವರಿಗೆ ಔಸೇ.

ಕಾನ್ವೆಂಟಿನ ಹೆಡ್ ಮೇಡಂ ಮೈಸೂರಿನಲ್ಲಿ ಓದಿದವರು. ಮೊದಲ ವಾರದಲ್ಲೇ ಒಂದು ದಿನ ನನ್ನ ಕ್ಲಾಸಿನ ಬಾಗಿಲಲ್ಲಿ ನಿಂತು ಕೇಳಿದರು. ‘ಇಸ್ ಔಸ್ ಈಸ್ ಆನ್ ದ ಇಲ್’ ಎಂದು ನಾನು ಹೇಳಿಕೊಡುತ್ತಿದ್ದೆ, ಮಕ್ಕಳು ಸೂರು ಹಾರಿಹೋಗುವ ಹಾಗೆ ಕೂಗುತ್ತಿದ್ದವು. ಅವರು ಬೈಯಲಿಲ್ಲ. ರೂಮಿಗೆ ಕರೆದು, ಅಂಗೈಯನ್ನು ಬಾಯಿಯ ಮುಂದೆ ಹಿಡಿಯಲು ಹೇಳಿದರು. ಉಸಿರು ಅಂಗೈಗೆ ತಾಗಿದರೆ ಹಕಾರ ಬಂತು, ತಾಗದಿದ್ದರೆ ಇಲ್ಲ. ಹೌಸ್, ಹಿಲ್, ಹಾರ್ಸ್ ಎಂದು ಅವರೆದುರು ಊದುತ್ತಾ ನಿಂತಾಗ ನನಗೆ ಅಳುವೇ ಬಂದಿತ್ತು. ಇಪ್ಪತ್ತು ದಾಟಿದವಳು ಒಲೆ ಊದುವವಳ ಹಾಗೆ ಊದುವುದೆಂದರೆ!

ಆದರೂ ಹಟಕ್ಕೆ ಬಿದ್ದೆ. ಶನಿವಾರ ಊರಿಗೆ ಹೋದರೆ ಹಿತ್ತಲಿನಲ್ಲಿ ಕೂತು ಅಂಗೈ ಹಿಡಿದು ಅಭ್ಯಾಸ ಮಾಡುತ್ತಿದ್ದೆ. ಅಪ್ಪ ಅಲ್ಲೇ ಹಲಗೆಗೆ ಉಜ್ಜುಗೊರಡು ಹಾಕುತ್ತಾ ಇದೇನೆಂದು ಕೇಳಿದ. ವಿವರಿಸಿದೆ. ಅವನೂ ಮರದ ಪುಡಿ ಮೆತ್ತಿದ ಅಂಗೈಯನ್ನು ಬಾಯಿಗೆ ಅಡ್ಡ ಹಿಡಿದು ಊದಿದ. ಪುಡಿ ಹಾರಿ ಕಣ್ಣಿಗೆ ಬಿತ್ತು. ಕಣ್ಣುಜ್ಜಿಕೊಳ್ಳುತ್ತಾ, ‘ಇದು ನನ್ನ ಬಾಯ್ಗೆ ಆಗಾಕಿಲ್ಲ ಕಣವ್ವ, ನೀನು ಕಲ್ತ್ಕೋ’ ಅಂದ. ಇಬ್ಬರೂ ನಕ್ಕೆವು.

ಸ್ಕೂಲ್ ಡೇಗೆ ಭಾಷಣ ಮಾಡುವವರು ಹಿಂದೆ ನಿಲ್ಲುವುದಕ್ಕೆ ಎತ್ತರದ ಮೇಜು ಬೇಕಿತ್ತು. ಹೇಗೂ ನಿಮ್ಮ ತಂದೆ ಮಾಡುತ್ತಾರಲ್ಲ ಎಂದು ಶಾಲೆಯ ಸೆಕ್ರೆಟರಿ ಕೇಳಿದರು. ಅಪ್ಪ ಹಲಸಿನ ಮರದಲ್ಲಿ ಮಾಡಿ, ಅಂಚಿಗೆಲ್ಲ ಬಳ್ಳಿ ಕೆತ್ತಿ, ಟೆಂಪೊದಲ್ಲಿ ಹಾಕಿಕೊಂಡು ತಾನೇ ತಂದ. ತಂದವನನ್ನು ಸೆಕ್ರೆಟರಿ ಕಳಿಸದೆ ಮುಂದಿನ ಸಾಲಿನಲ್ಲೇ ಕೂರಿಸಿದರು. ಕಾರ್ಯಕ್ರಮವನ್ನು ಇಂಗ್ಲಿಷಿನಲ್ಲಿ ನಡೆಸಿಕೊಡುವ ಕೆಲಸ ನನ್ನದಾಗಿತ್ತು. ಅಪ್ಪ ಮಾಡಿದ ಮೇಜಿನ ಹಿಂದೆ ನಾನು, ಎದುರಿಗೆ ಇಸ್ತ್ರಿ ಅಂಗಿಯಲ್ಲಿ ಅಪ್ಪ. ಆ ಗಳಿಗೆಯಲ್ಲಿ ನನಗೆ ಎಷ್ಟು ಜಂಬ ಬಂದಿತ್ತೆಂದರೆ, ಈಗ ನೆನೆದರೂ ನಾಚಿಕೆಯಿಂದ ಮೈ ಹಿಡಿಯಾಗುತ್ತದೆ.

ಮೊದಲು ಸೆಕ್ರೆಟರಿ ಮಾತಾಡಿದರು. ಇಸ್ಕೂಲು ಅಂದರು, ಡೆವಲಪ್ಪುಮೆಂಟು ಅಂದರು, ಜನ ಚಪ್ಪಾಳೆ ತಟ್ಟಿದರು. ದುಡ್ಡಿದ್ದವರ ಬಾಯಲ್ಲಿ ಇಂಗ್ಲಿಷ್ ಹೇಗೆ ಬಂದರೂ ಯಾರೂ ನಗುವುದಿಲ್ಲ. ಅದು ಅವತ್ತೇ ನನಗೆ ಗೊತ್ತಾಗಬೇಕಿತ್ತು.

ಮುಖ್ಯ ಅತಿಥಿಗಳು ಶ್ರೀರಂಗಪಟ್ಟಣದವರು, ದೊಡ್ಡ ಹುದ್ದೆಯಿಂದ ನಿವೃತ್ತರಾದ ಹಿರಿಯರು. ಅವರನ್ನು ಕರೆಯಬೇಕು. ನಾನು ಎದೆ ತುಂಬ ಉಸಿರೆಳೆದುಕೊಂಡು, ನಮ್ಮ ಹಾನರಬಲ್ ಚೀಫ್ ಗೆಸ್ಟ್ ಈಗ ಹಾಫ್ ಎನ್ ಹವರ್ ಮಾತಾಡುತ್ತಾರೆ ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಒಂದು ಹಕಾರವನ್ನೂ ಬಿಡಲಿಲ್ಲ. ಮೈಕು ಗಾಳಿ ಹೊಡೆದ ಹಾಗೆ ಭುಸ್ ಎಂದಿತು. ಕೆಲವು ಮಾತಲ್ಲಿ ಆ ಅಕ್ಷರ ಬರೆದಿದ್ದರೂ ಬಾಯಿಗೆ ಬರಬಾರದು ಎಂದು ನನಗೆ ಯಾರೂ ಹೇಳಿರಲಿಲ್ಲ. ಬರೆದದ್ದನ್ನೆಲ್ಲ ಹೇಳು ಎಂದಿದ್ದರು ಒಬ್ಬರು, ಹಕಾರ ಊದು ಎಂದಿದ್ದರು ಇನ್ನೊಬ್ಬರು. ಇಬ್ಬರ ಮಾತನ್ನೂ ನಡೆಸಿಕೊಟ್ಟಿದ್ದೆ.

ಆ ಹಿರಿಯರು ಎದ್ದು ಬಂದು ಕನ್ನಡಕ ಸರಿಮಾಡಿಕೊಂಡರು. ‘ನನಗೆ ಅಷ್ಟು ಹೊತ್ತು ಬೇಡಮ್ಮ, ಕಾಲು ಅವರ್ ಸಾಕು’ ಎಂದು ಕನ್ನಡದಲ್ಲೇ ಹೇಳಿ, ಮಕ್ಕಳ ಕಡೆ ತಿರುಗಿ ‘ನಮ್ಮ ಕಾಲದಲ್ಲಿ ಅದು ಅವರ್ ಆಗಿತ್ತು. ಈಗ ನಿಮ್ಮ ಮೇಡಂ ಅದಕ್ಕೆ ಉಸಿರು ಕೊಟ್ಟಿದ್ದಾರೆ’ ಅಂದರು. ಮೊದಲು ಇಂಗ್ಲಿಷ್ ಬಲ್ಲ ನಾಲ್ಕು ಜನ ನಕ್ಕರು. ಅವರು ನಕ್ಕರೆಂದು ಉಳಿದವರು ನಕ್ಕರು. ಆಮೇಲೆ ಇಡೀ ಶಾಮಿಯಾನವೇ ನಕ್ಕಿತು, ನನ್ನ ಕ್ಲಾಸಿನ ಮಕ್ಕಳೂ ಸೇರಿ.

ಅದನ್ನೂ ತಡೆದುಕೊಳ್ಳುತ್ತಿದ್ದೆನೇನೋ. ಆದರೆ ಮುಂದಿನ ಸಾಲಿನಲ್ಲಿ ಅಪ್ಪ ತೊಡೆ ತಟ್ಟಿಕೊಂಡು ನಗುತ್ತಿದ್ದ. ಮಗಳು ಇಂಗ್ಲಿಷಿನಲ್ಲಿ ಏನೋ ತಮಾಷೆ ಹೇಳಿದ್ದಾಳೆ, ದೊಡ್ಡವರು ಅದಕ್ಕೆ ಜವಾಬು ಕೊಟ್ಟಿದ್ದಾರೆ ಎಂದುಕೊಂಡಿದ್ದ. ಪಕ್ಕದವರ ಕೈ ಮುಟ್ಟಿ ಅದು ನನ್ನ ಮಗಳು ಎಂದು ತೋರಿಸಿದ. ಆ ಮನುಷ್ಯ ಪಾಪ, ನಗು ನಿಲ್ಲಿಸಿ ನೆಲ ನೋಡಿದ. ನಾನು ಮೇಜಿನ ಬಳ್ಳಿಯ ಕೆತ್ತನೆಯನ್ನು ಉಗುರಿನಿಂದ ಕೆರೆಯುತ್ತಾ ನಿಂತೆ. ಭೂಮಿ ಬಾಯಿಬಿಟ್ಟು ನುಂಗಬಾರದೇ ಎನ್ನುವುದನ್ನು ಕೇಳಿದ್ದೆ, ಅವತ್ತು ನಿಜವಾಗಿ ಬೇಡಿಕೊಂಡೆ. ಉಳಿದ ಕಾರ್ಯಕ್ರಮ ಹೇಗೆ ನಡೆಸಿದೆನೋ ಗೊತ್ತಿಲ್ಲ.

ಇದರಲ್ಲಿ ನನಗೆ ಹೆಚ್ಚು ಉರಿದದ್ದು ಯಾವುದು ಗೊತ್ತೇ? ನಮ್ಮೂರಲ್ಲಿ ಎಲ್ಲರೂ ಅದನ್ನು ಅವರ್ ಎಂದೇ ಅನ್ನುತ್ತಾರೆ. ಬಸ್ಸು ಆಫ್ ಅವರ್ ಲೇಟು ಎಂದು ಕಂಡಕ್ಟರೂ ಅನ್ನುತ್ತಾನೆ. ನಾನು ಏನೂ ಕಲಿಯದೆ ನನ್ನ ಹಳ್ಳಿಬಾಯಲ್ಲೇ ಹೇಳಿದ್ದರೆ ಆ ಮಾತು ಸರಿಯಾಗೇ ಬರುತ್ತಿತ್ತು.

ಸೋಮವಾರ ಹೆಡ್ ಮೇಡಂ ಕರೆದರು. ಸಿಟ್ಟು ಮಾಡಲಿಲ್ಲ, ಸಿಟ್ಟು ಮಾಡಿದ್ದರೇ ಚೆನ್ನಾಗಿತ್ತು. ಅಂಗೈ ಹಿಡಿಸಿದ ತಾವೇ ಆ ಮಾತುಗಳನ್ನೂ ಹೇಳಿಕೊಡಬೇಕಿತ್ತು ಎಂದರು. ಪಕ್ಕದಲ್ಲಿದ್ದ ಸೆಕ್ರೆಟರಿ, ‘ಪೇರೆಂಟ್ಸು ಮಾತಾಡ್ತಾವ್ರೆ ಕಣಮ್ಮ, ನೀವು ಕನ್ನಡ ತಗೊಂಡ್ಬುಡಿ’ ಅಂದರು. ಇಂಗ್ಲಿಷಿಗೆ ಬೇರೆಯವರು ಬರುತ್ತಾರಂತೆ. ನಾನು ತಲೆ ತಗ್ಗಿಸಿಕೊಂಡೇ ಆಗಲಿ ಎಂದೆ. ನನಗೆ ಇಷ್ಟವಾದ ಕನ್ನಡವೇ ನನಗೆ ಶಿಕ್ಷೆಯಾಗಿ ಸಿಕ್ಕಿತಲ್ಲ ಎಂದು ಅದೂ ಒಂದು ಅವಮಾನವಾಯಿತು.

ಆ ಶನಿವಾರ ಅಪ್ಪನಿಗೆ ಎಲ್ಲ ಹೇಳಿಬಿಡಬೇಕೆಂದು ಊರಿಗೆ ಹೋದೆ. ಬಸ್ಸಿನಲ್ಲಿ ಕೂತು ಮಾತನ್ನೂ ಜೋಡಿಸಿಕೊಂಡಿದ್ದೆ. ಮನೆಯ ಜಗಲಿ ತುಂಬ ಜನ. ಅಪ್ಪ ಸ್ಕೂಲ್ ಡೇ ಕಥೆ ಹೇಳುತ್ತಿದ್ದ. ಅದೆಷ್ಟನೆಯ ಸಲವೋ, ಕೇಳುವವರೇ ಮುಂದೇನೆಂದು ಎತ್ತಿಕೊಡುತ್ತಿದ್ದರು. ಒಂದೇ ಒಂದು ಮಾತು ಹೇಳಿ ಅಷ್ಟು ದೊಡ್ಡ ಮನುಷ್ಯರನ್ನೂ ನಗಿಸಿಬಿಟ್ಟಳು ಎಂದು ಹೇಳಿ ಸುತ್ತ ನೋಡಿದ.

‘ಅದ್ಯಾವ ಮಾತು ಆಚಾರ್ರೇ, ನಮ್ಗೂ ಏಳಿ’ ಎಂದು ಪಕ್ಕದ ಮನೆಯ ಗೌಡರು ಕೇಳಿದರು.

ಅಪ್ಪ ಬೆನ್ನು ನೆಟ್ಟಗೆ ಮಾಡಿಕೊಂಡ. ಮರ ಸವೆಸಿ ದಡ್ಡುಗಟ್ಟಿದ ಅಂಗೈಯನ್ನು ಬಾಯಿಯ ಮುಂದೆ ಹಿಡಿದ. ಹುಟ್ಟಿದಾಗಿನಿಂದ ಹಾಲಿಗೆ ಆಲು ಅಂದವನು, ‘ಹವರ್’ ಅಂದ. ಉಸಿರು ತುಂಬಿದ, ಎಲ್ಲೂ ತಪ್ಪದ ಹಕಾರ. ಹಿತ್ತಲಲ್ಲಿ ಒಬ್ಬನೇ ಕೂತು ಎಷ್ಟು ಸಲ ಊದಿ ಕಲಿತಿದ್ದನೋ. ಜಗಲಿಯಲ್ಲಿದ್ದವರೆಲ್ಲ ನಕ್ಕರು, ಮೆಚ್ಚಿಕೊಂಡೇ ನಕ್ಕರು.

ಅಪ್ಪ ಅಂಗೈ ಇಳಿಸದೆ ನನ್ನ ಕಡೆ ತಿರುಗಿದ. ‘ಸರಿಯಾಗೈತಾ ಮಗ?’

ನನ್ನ ಕಿವಿಯಲ್ಲಿ ಶಾಮಿಯಾನದ ನಗು ಇನ್ನೂ ಕೇಳುತ್ತಿತ್ತು.

‘ಸರಿಯಾಗೈತೆ ಕಣಪ್ಪ’ ಅಂದೆ.