ಡೈರಿಯಲ್ಲಿ ಇಲ್ಲದ ಓಹಾಯೊ

ಇದರಲ್ಲಿ ಕೆಲವು ವಿವರಗಳನ್ನು ನಾನು ತಪ್ಪಾಗಿ ನೆನಪಿಟ್ಟುಕೊಂಡಿರಬಹುದು. ಅಕ್ಕ ಆ ಸುದ್ದಿ ಹೇಳಲು ಫೋನ್ ಮಾಡಿದಾಗ ನಾನು ಅಡುಗೆಮನೆಯಲ್ಲಿದ್ದೆನೋ ಕಾರಿನಲ್ಲಿದ್ದೆನೋ ಎಂದು ಕೇಳಿದರೆ ಎರಡೂ ಚಿತ್ರಗಳು ಕಣ್ಣಿಗೆ ಬರುತ್ತವೆ, ಎರಡೂ ಅಷ್ಟೇ ಸ್ಪಷ್ಟವಾಗಿ. ಇನ್ನೊಂದು ತೊಡಕೂ ಇದೆ. ಮನೆಯವರೊಂದಿಗೆ ನಾನು ಮಾತಾಡುವುದು ತುಳುವಿನಲ್ಲಿ, ಬರೆಯುವುದು ಕನ್ನಡದಲ್ಲಿ. ಹಾಗಾಗಿ ಇಲ್ಲಿ ಬರುವ ಪ್ರತಿ ಮಾತೂ ಒಮ್ಮೆ ನನ್ನ ಕೈಯಲ್ಲಿ ಬದಲಾಗಿದೆ. ಆದರೂ ನನಗೆ ಏನು ಗೊತ್ತು, ಏನು ಗೊತ್ತಿಲ್ಲ ಎಂಬ ವಿಷಯದಲ್ಲಿ ಈಗ ಗೊಂದಲವಿಲ್ಲ. ಆ ಖಾತ್ರಿ ಬಂದದ್ದು ಈ ಆಗಸ್ಟಿನಲ್ಲಿ.

ನಾನು ಅಬುಧಾಬಿಯಲ್ಲಿ ಅಮೆರಿಕನ್ ಪಠ್ಯಕ್ರಮದ ಒಂದು ಶಾಲೆಯಲ್ಲಿ ದೊಡ್ಡ ತರಗತಿಗಳಿಗೆ ಸಮಾಜ ವಿಜ್ಞಾನ ಕಲಿಸುತ್ತೇನೆ. ಪ್ರತಿ ವರ್ಷ ಎರಡನೆಯ ಅವಧಿಯಲ್ಲಿ ಅಮೆರಿಕದ ನ್ಯಾಯಾಲಯಗಳ ಪಾಠ ಬರುತ್ತದೆ. ಬೋರ್ಡಿನ ಮೇಲೆ ಅಕ್ಕಪಕ್ಕ ಎರಡು ಏಣಿ ಬರೆಯುತ್ತೇನೆ. ಒಂದು ರಾಜ್ಯದ್ದು, ಇನ್ನೊಂದು ಫೆಡರಲ್. ಮಕ್ಕಳು ತಪ್ಪದೆ ಮಾಡುವ ತಪ್ಪು ಒಂದೇ. ಫೆಡರಲ್ ಎಂಬ ಪದ ಕೇಳಿದ ಕೂಡಲೇ ಅದನ್ನು ರಾಜ್ಯದ ತಲೆಯ ಮೇಲೆ ಕೂರಿಸುತ್ತಾರೆ. ಮೇಲಲ್ಲ, ಪಕ್ಕದಲ್ಲಿ ಎಂದು ನಾನು ತಿದ್ದುತ್ತೇನೆ. ಸಂವಿಧಾನವೂ ಅಲ್ಲಿಯ ಸಂಸತ್ತೂ ಕೈಗೆ ಕೊಟ್ಟಷ್ಟು ಕೆಲಸ ಮಾತ್ರ ಫೆಡರಲ್ ಕೋರ್ಟಿನದು. ಕಳ್ಳತನ, ಕೊಲೆ, ಮನೆ ಬಾಡಿಗೆ, ಕಾರು ಡಿಕ್ಕಿ, ಮದುವೆ, ಉಯಿಲು, ಹೀಗೆ ದಿನದ ಬದುಕಿನ ಹೆಚ್ಚಿನ ಜಗಳಗಳು ತೀರ್ಮಾನವಾಗುವುದು ರಾಜ್ಯದ ಕೋರ್ಟುಗಳಲ್ಲಿ. ಒಮ್ಮೆ ಒಬ್ಬ ಹುಡುಗಿ ಕೈ ಎತ್ತಿ, ಇಲ್ಲಿಯೂ ಹಾಗೆಯೇ ಅಲ್ಲವೇ ಮಿಸ್, ನಮಗೆ ನಮ್ಮದೇ ಕೋರ್ಟು, ಶಾರ್ಜಾದಲ್ಲಿರುವ ನನ್ನ ಅಜ್ಜನಿಗೆ ಫೆಡರಲ್ ಕೋರ್ಟು ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಹೌದು ಎಂದೆ. ಅಬುಧಾಬಿ, ದುಬೈಗಳಿಗೆ ತಮ್ಮದೇ ನ್ಯಾಯಾಲಯಗಳಿವೆ, ಶಾರ್ಜಾ ಒಕ್ಕೂಟದ ಕೋರ್ಟುಗಳನ್ನು ಸೇರಿದೆ. ಅಷ್ಟು ವರ್ಷ ಇಲ್ಲಿ ಬದುಕಿದ್ದ ನನಗೆ ಈ ಹೋಲಿಕೆ ಹೊಳೆದಿರಲಿಲ್ಲ ಎಂಬುದನ್ನು ಮಾತ್ರ ಅವಳಿಗೆ ಹೇಳಲಿಲ್ಲ.

ಅಕ್ಕ ನರ್ಸ್. ಹಲವು ವರ್ಷ ನ್ಯೂಜೆರ್ಸಿಯಲ್ಲಿ ಭಾವನ ಜತೆ ಇದ್ದಳು. ಕಳೆದ ಚಳಿಗಾಲದ ಮೊದಲಿಗೆ ಇಬ್ಬರೂ ಬೇರೆಯಾದರು. ಅಕ್ಕ ಓಹಾಯೊ ರಾಜ್ಯದಲ್ಲಿ ಕೆಲಸ ಹಿಡಿದು ಏಳು ವರ್ಷದ ಮಗಳನ್ನು ಕರೆದುಕೊಂಡು ಹೋದಳು. ಆಗ ಭಾವ ತಕರಾರು ತೆಗೆಯಲಿಲ್ಲ. ಜೂನ್ ಮೊದಲ ವಾರದಲ್ಲಿ, ಮಗಳನ್ನು ತಮ್ಮ ಬಳಿಗೆ ಕಳಿಸಬೇಕೆಂದು ನ್ಯೂಜೆರ್ಸಿಯ ಕೋರ್ಟಿನಲ್ಲಿ ಅರ್ಜಿ ಹಾಕಿದರು.

ಸುದ್ದಿ ಕೇಳಿದಾಗ ನಾನು ಕ್ಷಣವೂ ತಡೆಯಲಿಲ್ಲ. ಎರಡು ಬೇರೆ ರಾಜ್ಯಗಳ ನಿವಾಸಿಗಳ ನಡುವೆ ದೊಡ್ಡ ಮೊತ್ತದ ತಕರಾರು ಬಂದರೆ ಫೆಡರಲ್ ಕೋರ್ಟಿಗೆ ಹೋಗಬಹುದು. ಒಂದು ಊರಿನ ಕೋರ್ಟು ತನ್ನ ಊರಿನವನ ಪರ ವಾಲೀತು ಎಂಬ ಭಯಕ್ಕೆ ಮಾಡಿದ ಏರ್ಪಾಡು ಅದು. ನನ್ನ ಪಾಠದ ಅತಿ ಇಷ್ಟದ ಭಾಗ. ನೀನು ಓಹಾಯೊದವಳು, ಭಾವ ನ್ಯೂಜೆರ್ಸಿಯವರು, ಆದ್ದರಿಂದ ಕೇಸನ್ನು ಫೆಡರಲ್ ಕೋರ್ಟಿಗೆ ಎತ್ತಿಸು ಎಂದೆ. ಅಕ್ಕ ಅದನ್ನು ನಂಬಿ ಹತ್ತು ದಿನ ಅದನ್ನೇ ಹಿಡಿದುಕೊಂಡು ಕೂತಳು. ಕೊನೆಗೆ ಗೊತ್ತುಮಾಡಿಕೊಂಡ ವಕೀಲೆ ಒಂದೇ ವಾಕ್ಯದಲ್ಲಿ ಮುಗಿಸಿದಳಂತೆ: ವಿಚ್ಛೇದನ ಮತ್ತು ಮಗು ಯಾರ ಬಳಿ ಇರಬೇಕು ಎಂಬುದನ್ನು ಫೆಡರಲ್ ಕೋರ್ಟುಗಳು ಮುಟ್ಟುವುದಿಲ್ಲ.

ಆಮೇಲೆ ಕೂತು ಓದಿದೆ. ಸಂವಿಧಾನದಲ್ಲಿ ಎಲ್ಲಿಯೂ ಹಾಗೆ ಬರೆದಿಲ್ಲ. ಕುಟುಂಬದ ವಿಷಯ ರಾಜ್ಯಗಳಿಗೆ ಸೇರಿದ್ದು ಎಂದು ನ್ಯಾಯಾಧೀಶರೇ ತೀರ್ಪಿನ ಮೇಲೆ ತೀರ್ಪು ಕೊಟ್ಟು ಕಟ್ಟಿದ ಗೋಡೆ ಅದು. ನನ್ನ ಪಠ್ಯಪುಸ್ತಕದಲ್ಲಿ ಏಣಿಗಳಿದ್ದವು, ಗೋಡೆ ಇರಲಿಲ್ಲ.

ಹಾಗಾದರೆ ಯಾವ ರಾಜ್ಯ? ಇದಕ್ಕೂ ಒಂದು ಚರಿತ್ರೆ ಇದೆ. ಹಿಂದೆ ಅಪ್ಪ ಒಂದು ರಾಜ್ಯದಲ್ಲಿ, ಅಮ್ಮ ಇನ್ನೊಂದರಲ್ಲಿ ಆದೇಶ ತಂದು, ಒಂದೇ ಮಗುವಿನ ಮೇಲೆ ಎರಡು ವಿರುದ್ಧ ತೀರ್ಪುಗಳು ಇರುತ್ತಿದ್ದವು. ಸೋತವರು ಮಗುವನ್ನು ಕಾರಿನಲ್ಲಿ ಕೂರಿಸಿಕೊಂಡು ಗಡಿ ದಾಟಿ ಹೊಸ ಕೋರ್ಟು ಹುಡುಕುತ್ತಿದ್ದರು. ಅದನ್ನು ತಡೆಯಲು ಹೆಚ್ಚುಕಡಿಮೆ ಎಲ್ಲ ರಾಜ್ಯಗಳೂ ಒಂದೊಂದಾಗಿ ಒಂದೇ ಬಗೆಯ ಕಾನೂನು ಮಾಡಿಕೊಂಡವು. ಅರ್ಜಿ ಹಾಕುವ ಮುಂಚಿನ ಆರು ತಿಂಗಳು ಮಗು ಎಲ್ಲಿ ಬದುಕಿತ್ತೋ ಅದೇ ಮಗುವಿನ ಮನೆ-ರಾಜ್ಯ. ಆರು ತಿಂಗಳು ತುಂಬುವ ಮೊದಲೇ ಅರ್ಜಿ ಬಿದ್ದರೆ, ಬಿಟ್ಟುಬಂದ ರಾಜ್ಯವೇ ಮನೆ, ಅಪ್ಪನೋ ಅಮ್ಮನೋ ಅಲ್ಲಿ ಇನ್ನೂ ಇದ್ದರೆ. ಎರಡು ಕಡೆ ಕೇಸು ಬಿದ್ದಾಗ ಆ ಎರಡು ರಾಜ್ಯಗಳ ನ್ಯಾಯಾಧೀಶರು ಫೋನಿನಲ್ಲಿ ಮಾತಾಡಿಕೊಂಡು ಇದು ನಿಮ್ಮದು, ಇದು ನಮ್ಮದು ಎಂದು ತೀರ್ಮಾನಿಸಬಹುದು. ಎರಡು ಏಣಿಗಳ ಪಾಠ ಮಾಡುವ ನನಗೆ, ಇಬ್ಬರು ನ್ಯಾಯಾಧೀಶರು ಹೀಗೆ ಬೇಲಿಯ ಆಚೆ ಈಚೆ ನಿಂತು ಮಾತಾಡುತ್ತಾರೆ ಎಂಬುದು ಬಹಳ ಇಷ್ಟವಾಯಿತು. ಆ ಮಗು ನಮ್ಮದಲ್ಲದಿದ್ದರೆ ಇನ್ನೂ ಇಷ್ಟವಾಗುತ್ತಿತ್ತು.

ವಕೀಲೆ ಅಕ್ಕನ ಪರ ಓಹಾಯೊದ ಕೋರ್ಟಿನಲ್ಲೂ ಅರ್ಜಿ ಹಾಕಿದಳು. ಅಕ್ಕ ಹೇಳುವುದು, ತಾವು ಓಹಾಯೊಗೆ ಬಂದದ್ದು ನವೆಂಬರ್ ಕೊನೆಯ ವಾರದಲ್ಲಿ. ಭಾವ ಹೇಳುವುದು ಡಿಸೆಂಬರ್ ಎರಡನೆಯ ವಾರದಲ್ಲಿ. ಅಂದರೆ ಕೆಲವೇ ದಿನಗಳ ಅಂತರ. ನವೆಂಬರ್ ಆದರೆ ಆರು ತಿಂಗಳು ತುಂಬಿದೆ, ಕೇಸು ಓಹಾಯೊದಲ್ಲಿ ನಡೆಯುತ್ತದೆ, ಮಗಳು ಶಾಲೆ ಬಿಡಬೇಕಾಗಿಲ್ಲ. ಡಿಸೆಂಬರ್ ಆದರೆ ಎಲ್ಲ ನ್ಯೂಜೆರ್ಸಿಯಲ್ಲಿ. ಅಕ್ಕ ಒಂದೋ ಕೆಲಸ ಬಿಟ್ಟು ವಾಪಸ್ ಹೋಗಬೇಕು, ಇಲ್ಲ ಮಗಳನ್ನು ಕಳಿಸಬೇಕು. ಕಾಗದ ಯಾವುದೂ ಸಹಾಯಕ್ಕೆ ಬರುವುದಿಲ್ಲ. ಬಾಡಿಗೆ ಕರಾರು ಡಿಸೆಂಬರ್ ಮಧ್ಯದ್ದು, ಕೆಲಸಕ್ಕೆ ಸೇರಿದ್ದೂ ಆಗಲೇ, ಮಗಳ ಶಾಲೆ ಜನವರಿಯಿಂದ. ಅದಕ್ಕೆ ಮೊದಲು ಓಹಾಯೊದಲ್ಲಿ ಪರಿಚಯದವರ ಮನೆಯಲ್ಲಿದ್ದೆವು ಎನ್ನುತ್ತಾಳೆ. ಆ ಪರಿಚಯದವರಿಗೆ ಕೋರ್ಟಿನ ತಂಟೆ ಬೇಡವಂತೆ.

ಆಗ ಅಕ್ಕನಿಗೆ ನೆನಪಾದದ್ದು ನನ್ನ ಡೈರಿ.

ಕಾಲೇಜಿನ ದಿನಗಳಿಂದ ಬರೆಯುತ್ತಿದ್ದೇನೆ, ದಿನಕ್ಕೆ ನಾಲ್ಕೈದು ಸಾಲು. ನವೆಂಬರ್ ಕೊನೆಯ ಶನಿವಾರದ ಪುಟ ಸಿಕ್ಕಿತು. ರಜೆಯ ದಿನವೂ ಶಾಲೆಯಲ್ಲಿ ನಡೆದ, ಇಲ್ಲಿಯ ರಾಷ್ಟ್ರೀಯ ದಿನದ ತಾಲೀಮಿಗೆ ಬಾವುಟಗಳು ಸಾಲದೆ ಬಂದದ್ದು, ನನ್ನ ಗಂಟಲು ಕಟ್ಟಿದ್ದು, ಆಮೇಲೆ ಈ ಸಾಲು: "ಸಂಜೆ ಅಕ್ಕನ ಫೋನ್. ಹೊಸ ಮನೆ. ಮಗಳಿಗೆ ಪಕ್ಕದ ಮನೆಯ ನಾಯಿಯ ಸ್ನೇಹವಾಗಿದೆ. ಅಕ್ಕ ಬಹಳ ದಿನಕ್ಕೆ ನಕ್ಕಳು." ಫೋಟೋ ತೆಗೆದು ಕಳಿಸಿದೆ. ವಕೀಲೆ ಮರುದಿನವೇ ಒಂದು ಪುಟದ ಹೇಳಿಕೆ ಸಿದ್ಧಮಾಡಿ ಸಹಿಗೆ ಕಳಿಸಿದಳು. ಆ ದಿನ ನನ್ನ ಅಕ್ಕ ಓಹಾಯೊದಿಂದ ನನಗೆ ಕರೆಮಾಡಿ, ಮಗಳೊಂದಿಗೆ ಅಲ್ಲಿ ನೆಲೆಸಿರುವುದಾಗಿ ಹೇಳಿದಳು ಎಂದಿತ್ತು. ಸುಳ್ಳಾದರೆ ಶಿಕ್ಷೆಗೆ ಒಳಗಾಗುತ್ತೇನೆಂದು ತಿಳಿದೇ ಇದನ್ನು ಹೇಳುತ್ತಿದ್ದೇನೆ ಎಂಬ ಸಾಲು ಕೊನೆಯಲ್ಲಿ.

ಓದಿದಾಗ ಸರಿಯಾಗಿಯೇ ಕಂಡಿತು. ಪೆನ್ನು ಕೂಡ ತೆಗೆದುಕೊಂಡಿದ್ದೆ. ಡೈರಿಯಲ್ಲಿ ಓಹಾಯೊ ಎಂಬ ಪದ ಇಲ್ಲವಲ್ಲ ಎಂದು ಹೊಳೆದದ್ದು ಆಮೇಲೆ. ಕೆಲವು ಪುಟ ಹಿಂದಕ್ಕೆ ಹೋದೆ. ನವೆಂಬರ್ ಮಧ್ಯದಲ್ಲಿ ನಾನೇ ಬರೆದಿದ್ದೆ: "ಅಕ್ಕ ಮನೆ ಬಿಟ್ಟಳು. ಅಲ್ಲೇ ಹತ್ತಿರ ಗೆಳತಿಯ ಮನೆಗೆ, ಎರಡು ವಾರಕ್ಕಂತೆ." ಈ ಗೆಳತಿಯ ಮನೆ ನನಗೆ ಪೂರ್ತಿ ಮರೆತುಹೋಗಿತ್ತು. ಅದು ನ್ಯೂಜೆರ್ಸಿ. ಎರಡು ವಾರ ಅಲ್ಲಿದ್ದರೆ ಆ ಶನಿವಾರದ "ಹೊಸ ಮನೆ" ಯಾವುದು?

ಗಂಡನಿಗೆ ತೋರಿಸಿದೆ. ಅವರದು ದುಬೈಯ ರಾಸ್ ಅಲ್ ಖೋರಿನಲ್ಲಿ ಗಾಡಿಗಳ ಬಿಡಿಭಾಗದ ವ್ಯಾಪಾರ. ಅಬುಧಾಬಿಯ ಮೊಹಮ್ಮದ್ ಬಿನ್ ಜಾಯೆದ್ ಸಿಟಿಯ ನಮ್ಮ ಮನೆಯಿಂದ ದಿನಾ ಹೋಗಿ ಬರುತ್ತಾರೆ. ಅಂಗಡಿಯ ತಕರಾರಿಗೆ ದುಬೈ ಕೋರ್ಟು, ಮನೆಯದಕ್ಕೆ ಅಬುಧಾಬಿ ಎಂದು ಯಾವ ಪುಸ್ತಕವೂ ಇಲ್ಲದೆ ತಿಳಿದವರು. ಅವರಿಗೆ ಅನುಮಾನವೇ ಬರಲಿಲ್ಲ.

"ಎಂತ ಮಾರಾಯ್ತಿ, ನಾನು ಸಾರಿಗೆ ಉಪ್ಪು ಜಾಸ್ತಿ ಅಂದದ್ದೂ ಉಂಟು ಇದರಲ್ಲಿ. ಊರಿನ ಹೆಸರೊಂದು ಬರೀಲಿಕ್ಕೆ ಆಗ್ಲಿಲ್ಲವಾ ನಿಂಗೆ?"

"ಆಗ ಅದು ಯಾರಿಗೆ ಬೇಕಿತ್ತು?"

"ಈಗ ಬೇಕಲ್ಲ. ಅಕ್ಕ ಸುಳ್ಳು ಹೇಳ್ತಾಳಾ? ಸೈನ್ ಮಾಡು, ಖಲಾಸ್."

ನಾನು ಸಹಿ ಮಾಡಲಿಲ್ಲ. ಇದನ್ನು ಬರೆಯುವಾಗ ನನ್ನನ್ನು ನಾನು ಬಹಳ ಪ್ರಾಮಾಣಿಕಳೆಂದು ತೋರಿಸಿಕೊಳ್ಳುತ್ತಿದ್ದೇನೆಯೇ ಎಂದೂ ಯೋಚಿಸಿದ್ದೇನೆ. ಇರಬಹುದು. ಫೆಡರಲ್ ಎಂದು ಖಚಿತವಾಗಿ ಹೇಳಿ ಎಡವಿದವಳಿಗೆ ಎರಡನೆಯ ಸಲ ಎಡವುವ ಹೆದರಿಕೆಯೂ ಇದ್ದಿರಬಹುದು. ಆದರೆ ಕಾರಣ ಏನೇ ಇರಲಿ, ನಿರ್ಧಾರ ಸರಿ. ಹೇಳಿಕೆಯನ್ನು ನಾನೇ ಹೊಸದಾಗಿ ಬರೆದೆ: ಆ ಶನಿವಾರ ಅಕ್ಕ ಕರೆಮಾಡಿದಳು, ಹೊಸ ಮನೆ ಎಂದಳು, ಪಕ್ಕದಲ್ಲಿ ನಾಯಿ ಇತ್ತು, ಯಾವ ರಾಜ್ಯದಿಂದ ಎಂಬುದು ನನಗೆ ನೆನಪಿಲ್ಲ. ಇದರಿಂದ ಪ್ರಯೋಜನವಿಲ್ಲ ಎಂದು ವಕೀಲೆ ಸೌಜನ್ಯದಿಂದಲೇ ಉತ್ತರಿಸಿದಳು. ಕರೆಯ ದಾಖಲೆ ಸಿಗುತ್ತದೆಯೇ ಎಂದು ಕೇಳಿದಳು. ಇಲ್ಲಿ ಕರೆಗೆ ಬಳಸುವ ಆ್ಯಪ್ ಅನ್ನು ನಾವು ಈ ನಡುವೆ ಎರಡು ಸಲ ಬದಲಿಸಿದ್ದೆವು. ಹಳೆಯದು ಏನೂ ಉಳಿದಿರಲಿಲ್ಲ.

ಮುಂದಿನ ಶನಿವಾರ ಸಂಜೆ, ಅಲ್ಲಿ ಬೆಳಿಗ್ಗೆ, ಅಕ್ಕನಿಗೆ ಕರೆಮಾಡಿದೆ. ಎತ್ತಿದ್ದು ಮಗಳು. ಅಮ್ಮ ಸ್ನಾನಕ್ಕೆ ಹೋಗಿದ್ದಾಳೆ ಎಂದು ಇಂಗ್ಲಿಷಿನಲ್ಲಿ ಹೇಳಿ, ಬಿದ್ದ ಹಲ್ಲಿನ ಜಾಗವನ್ನು ಪರದೆಗೆ ಹತ್ತಿರ ತಂದು ತೋರಿಸಿದಳು. ನಾವಿಬ್ಬರೇ ಇದ್ದೆವು. ಪಕ್ಕದ ಮನೆಯ ಆ ನಾಯಿ ಎಲ್ಲಿಯದು ಎಂದು ಕೇಳಿದ್ದರೆ ಹೆಸರು ಬಣ್ಣ ಸಮೇತ ಹೇಳಿಬಿಡುತ್ತಿದ್ದಳು. ನಾಯಿ ವಿಷಯದಲ್ಲಿ ಏಳು ವರ್ಷದವರ ನೆನಪು ನನ್ನದಕ್ಕಿಂತ ಗಟ್ಟಿ. ನಾಲಿಗೆಯ ತುದಿಗೆ ಬಂದದ್ದನ್ನು ತಡೆದೆ. ತನ್ನ ಒಂದು ಮಾತಿನ ಮೇಲೆ ಅಮ್ಮ ಅಪ್ಪ ಇಬ್ಬರಲ್ಲಿ ಒಬ್ಬರು ಸೋತರು ಎಂದು ಅವಳಿಗೆ ಮುಂದೆ ಯಾವತ್ತೂ ತಿಳಿಯಬಾರದು. ಹಲ್ಲನ್ನು ಏನು ಮಾಡಿದೆ ಎಂದು ಮಾತ್ರ ಕೇಳಿದೆ.

ಅಕ್ಕ ಬಂದಳು. ಕೂದಲು ಒರೆಸುತ್ತಲೇ, ಸಹಿ ಏಕೆ ಮಾಡಲಿಲ್ಲ ಎಂದು ಕೇಳಿದಳು. ಡೈರಿಯಲ್ಲಿ ಇಲ್ಲದ್ದನ್ನು ನಾನು ಹೇಗೆ ಹೇಳಲಿ ಎಂದೆ.

"ನಾನೇ ಹೇಳ್ತಿದ್ದೇನಲ್ಲ, ಓಹಾಯೊ ಅಂತ. ಅದು ಸಾಲದಾ?"

"ನೀನು ಈಗ ಹೇಳಿದ್ದು ನನ್ನ ನೆನಪಾಗುವುದಿಲ್ಲ ಅಕ್ಕ."

ಅವಳು ಟವೆಲನ್ನು ಮಡಚಿ ಪಕ್ಕಕ್ಕಿಟ್ಟಳು. "ಪುಸ್ತಕ ಓದಿ ನನ್ನನ್ನು ಫೆಡರಲ್ ಕೋರ್ಟಿಗೆ ಕಳಿಸಲಿಕ್ಕೆ ಹೊರಟವಳು ನೀನು. ಆಗ ಇಷ್ಟು ಅನುಮಾನ ಇರ್ಲಿಲ್ಲ ಅಲ್ಲವಾ ನಿಂಗೆ?"

ಅವಳ ಮಾತು ನಿಜ. ಹಾಗೆಂದು ನನ್ನ ಮನಸ್ಸು ಬದಲಾಗಲಿಲ್ಲ. ಅಕ್ಕ ಓಹಾಯೊ ಎಂದರೆ ನಾನು ನಂಬಲು ಸಿದ್ಧ. ನಂಬಿದ್ದನ್ನು ಕೇಳಿಸಿಕೊಂಡದ್ದು ಎಂದು ಬರೆದುಕೊಡಲು ಸಿದ್ಧಳಲ್ಲ. ಮಗಳನ್ನು ಅವಳಷ್ಟು ಚೆನ್ನಾಗಿ ನೋಡಿಕೊಳ್ಳುವವರು ಇನ್ನೊಬ್ಬರಿಲ್ಲ, ಅದನ್ನು ಯಾವ ರಾಜ್ಯದ ಯಾವ ನ್ಯಾಯಾಧೀಶರ ಮುಂದೆಯೂ ಪ್ರಮಾಣ ಮಾಡಿ ಹೇಳುತ್ತೇನೆ. ಅದನ್ನೇ ವಕೀಲೆಗೂ ಬರೆದೆ. ಅದು ಮುಂದಿನ ಹಂತಕ್ಕೆ ಬೇಕಾಗುತ್ತದೆ, ಈಗ ಬೇಕಿರುವುದು ದಿನಾಂಕ ಮತ್ತು ಊರು ಎಂದು ಅವಳು ತಿಳಿಸಿದಳು.

ಭಾವನ ಮನೆ ಬಿಟ್ಟ ಅಕ್ಕ ನೇರ ಓಹಾಯೊಗೆ ಬಂದಳು ಎಂದೇ ಆ ಪತ್ರದಲ್ಲಿತ್ತು. ಗೆಳತಿಯ ಮನೆಯ ವಿಷಯವನ್ನು ಅಕ್ಕ ವಕೀಲೆಗೆ ಹೇಳಿಯೇ ಇಲ್ಲ ಎಂದು ಅದರಿಂದ ನನಗೆ ಗೊತ್ತಾಯಿತು. ನಾನೂ ಹೇಳಲಿಲ್ಲ, ಮೊದಲು ಅಕ್ಕನನ್ನು ಕೇಳಬೇಕಿತ್ತು. ಫೋನಿನಲ್ಲಿ ಕೇಳಿದರೆ ಜಗಳವಾಗುತ್ತದೆಂದು ಸಂದೇಶ ಕಳಿಸಿದೆ. ಆ ಸಾಲನ್ನು ಮೊದಲು ಡೈರಿಯಲ್ಲಿ ಬರೆದು, ಆಮೇಲೆ ಅದನ್ನೇ ನೋಡಿ ಟೈಪ್ ಮಾಡಿದೆ, ಮುಂದೆ ನನ್ನ ನೆನಪಿನಲ್ಲಿ ಅದು ಮೆದುವಾಗಬಾರದೆಂದು. ಓದಿದ್ದಾಳೆ. ಗುರುವಾರ ಆ ಇಬ್ಬರು ನ್ಯಾಯಾಧೀಶರು ಫೋನಿನಲ್ಲಿ ಮಾತಾಡುತ್ತಾರೆ. ಇಂದು ಮಂಗಳವಾರ, ಇನ್ನೂ ಉತ್ತರ ಬಂದಿಲ್ಲ. ನಾನು ಕಳಿಸಿದ ಸಾಲು ಇಷ್ಟೇ:

"ಅಕ್ಕ, ಗೆಳತಿಯ ಮನೆಯಲ್ಲಿ ನೀವಿಬ್ಬರು ಎಷ್ಟು ದಿನ ಇದ್ದಿರಿ?"